ಕೇಪಿನ ಕೋವಿಗೆ ಅಂಟಿದ ಉಪ್ಪನ್ನು ತೊಳೆದ ಕ್ರಮ

ಅಕ್ಟೋಬರ್ ಎರಡನೆಯ ವಾರ ನಮ್ಮ ಗದ್ದೆಗೆ ಕಾಡುಹಂದಿ ಇಳಿಯತೊಡಗಿದಾಗ, ಬೆಳೆ ರಕ್ಷಣೆಗೆಂದು ನನ್ನ ಹೆಸರಿನಲ್ಲಿ ಪರವಾನಗಿ ಇರುವ ಒಂಟಿ ನಳಿಗೆಯ ಕೇಪಿನ ಕೋವಿಯಿಂದ ಮೂರು ರಾತ್ರಿ ಆಕಾಶಕ್ಕೆ ಬರೀ ಮದ್ದಿನ ಈಡು ಹೊಡೆದೆ. ಬಾಯಿಯಿಂದ ಮದ್ದು ತುಂಬಿ, ಬುಡದಲ್ಲಿ ಕೇಪೆಂಬ ಸಿಡಿಯುವ ಪುಟ್ಟ ಟೋಪಿ ಇಟ್ಟು ಹೊಡೆಯುವ ಕೋವಿ ಅದು. ಚರೆ ಹಾಕಿರಲಿಲ್ಲ, ಸದ್ದಿಗೆ ಹಂದಿ ಬೆಟ್ಟ ಹತ್ತಿದರೆ ನನಗೆ ಸಾಕು. ಮೂರನೆಯ ರಾತ್ರಿ ಕೋವಿಯನ್ನು ಒಣಬಟ್ಟೆಯಲ್ಲಿ ಒರೆಸಿ, ನಳಿಗೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೆಳಿಗ್ಗೆ ಕಾರವಾರಕ್ಕೆ ಅಕ್ಕನ ಮನೆಗೆ ಹೋದೆ. ಮಾಡಬೇಕಾದ ಕೆಲಸ ಮುಗಿಯಿತೆಂದು ಆಗ ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಭಾವ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು, ಕೆಲಸದ ಉದ್ದಕ್ಕೂ ಹಳೆಯ .303 ರೈಫಲ್ ಹೊತ್ತವರು. ಊಟವಾದ ಮೇಲೆ ಹಂದಿಯ ಸುದ್ದಿ ಬಂದಾಗ ಅವರು ಮೊದಲು ಕೇಳಿದ್ದೇ, "ಭಾವ, ಕೋವಿಗೆ ನೀರು ಹಾಕಿದ್ಯ, ಇಲ್ಯಾ?" ಎಂದು. ಎಣ್ಣೆ ಹಾಕಿದ್ದೇನೆ ಎಂದೆ. ಅವರು ತಲೆಯಾಡಿಸಿ, ತಮ್ಮ ಕಾಲದಲ್ಲಿ ಗುಂಡು ಹೊಡೆದ ದಿನವೇ ನಳಿಗೆಗೆ ಕುದಿಯುವ ನೀರು ಹೊಯ್ಯದೆ ಯಾರೂ ಎಣ್ಣೆಯ ಬಾಟಲಿ ಮುಟ್ಟುತ್ತಿರಲಿಲ್ಲ ಎಂದರು. ಐದನೆಯ ದಿನ ಮನೆಗೆ ಬಂದು ಬಿಳಿ ಬಟ್ಟೆಯ ತುಂಡನ್ನು ನಳಿಗೆಯೊಳಗೆ ಇಳಿಸಿ ತೆಗೆದೆ. ಅದು ಕಪ್ಪಾಗಿ ಬರಲಿಲ್ಲ, ಹಳೆಯ ಹಂಚಿನ ಬಣ್ಣದಲ್ಲಿ ಬಂತು. ಎಣ್ಣೆ ಹಾಗೆಯೇ ಇತ್ತು, ಅದರ ಕೆಳಗೆ ತುಕ್ಕು ಹಿಡಿದಿತ್ತು.

ಎಣ್ಣೆ ಇದ್ದೂ ಕಬ್ಬಿಣ ಹೇಗೆ ತುಕ್ಕು ಹಿಡಿಯಿತು ಎಂಬುದನ್ನು ಅರ್ಥ ಮಾಡಿಕೊಳ್ಳದೆ ತೊಳೆಯಲು ಕೂತರೆ ಅದೇ ತಪ್ಪು ಮತ್ತೆ ಆಗುತ್ತದೆ. ಕರಿಮದ್ದು ಎಂದರೆ ಸುಮಾರು 75 ಭಾಗ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಭಾಗ ಇದ್ದಿಲು, 10 ಭಾಗ ಗಂಧಕ. ಅದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿ ಉಳಿಯುತ್ತದೆ. ಹಾಗೆ ಉಳಿಯುವುದರಲ್ಲಿ ಹೆಚ್ಚಿನದು ನಾವು ಅಂದುಕೊಳ್ಳುವಂತೆ ಬರೀ ಮಸಿಯಲ್ಲ, ಪೊಟ್ಯಾಸಿಯಂನ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಂಬ ಲವಣಗಳು. ಇವುಗಳಲ್ಲಿ ಕಾರ್ಬೊನೇಟ್ ಗಾಳಿಯ ತೇವಾಂಶ ನೂರಕ್ಕೆ 43ರಷ್ಟಿದ್ದರೂ ನೀರು ಹೀರಿಕೊಂಡು ಒದ್ದೆಯಾಗುತ್ತದೆ. ಕೇಪಿನ ಕತೆಯೂ ಇದೇ. ಹಳೆಯ ಬಗೆಯ ಕೇಪಿನಲ್ಲೂ ಹಳೆಯ ಮಿಲಿಟರಿ ತೋಟಾಗಳಲ್ಲಿ ಮದ್ದನ್ನು ಹೊತ್ತಿಸುವ ಪ್ರೈಮರಿನಲ್ಲೂ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಸಿಡಿದಾಗ ಆಮ್ಲಜನಕವನ್ನು ಬಿಟ್ಟುಕೊಟ್ಟು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಗೋಡೆಗೆ ಅಂಟಿ ಕೂರುತ್ತದೆ. ಗುಣದಲ್ಲಿ ಇದು ನಮ್ಮ ಅಡುಗೆ ಉಪ್ಪಿನ ಅಣ್ಣತಮ್ಮ. ಅಡುಗೆ ಉಪ್ಪು ತೇವಾಂಶ 75ರ ಆಸುಪಾಸಿನಲ್ಲಿ ನೀರೊಡೆದರೆ ಇದು 85ರ ಹತ್ತಿರ ನೀರೊಡೆಯುತ್ತದೆ, ಅಷ್ಟೇ ವ್ಯತ್ಯಾಸ. ಮಳೆಗಾಲದಲ್ಲಿ ಶಿರಸಿಯ ಮನೆಯೊಳಗಿನ ಗಾಳಿ ಇಷ್ಟನ್ನು ದಾಟಿಯೇ ಇರುತ್ತದೆ, ಕಾರವಾರದ ಗಾಳಿಯಲ್ಲಂತೂ ಸಮುದ್ರದ ಉಪ್ಪೂ ಸೇರಿರುತ್ತದೆ.

ಬಹಳ ವರ್ಷ ಜನರು ಈ ತುಕ್ಕಿಗೆ ಹೊಗೆಯ ಆಮ್ಲ ಕಾರಣವೆಂದು ತಿಳಿದಿದ್ದರು. 1922ರಲ್ಲಿ ಅಮೆರಿಕದ ಗಣಿ ಇಲಾಖೆಯಲ್ಲಿದ್ದ ವಿಲ್ಬರ್ಟ್ ಹಫ್ ಎಂಬ ರಸಾಯನ ತಜ್ಞರು, ಪ್ರೈಮರಿನ ಕ್ಲೋರೇಟಿನಿಂದ ಹುಟ್ಟುವ ಕ್ಲೋರೈಡೇ ಕಾರಣವೆಂದೂ, ಎಣ್ಣೆಯ ಪದರದ ಕೆಳಗೂ ಅದು ತನ್ನ ಕೆಲಸ ಮುಂದುವರಿಸುತ್ತದೆಂದೂ ತೋರಿಸಿಕೊಟ್ಟರು. ಅದೇ ದಶಕದ ಕೊನೆಗೆ ಜರ್ಮನಿಯಲ್ಲಿ ಕ್ಲೋರೇಟೂ ಪಾದರಸವೂ ಇಲ್ಲದ ಪ್ರೈಮರ್ ಬಂತು. ಈಗಿನ ಸಾಮಾನ್ಯ 12 ಬೋರ್ ತೋಟಾಗಳಲ್ಲಿ ಈ ಭಯ ಕಡಿಮೆ. ಕರಿಮದ್ದಿನ ಕೋವಿಗಾದರೋ ಕೇಪು ಹೊಸದಾದರೂ ಹಳೆಯದಾದರೂ ಮದ್ದೇ ಉಪ್ಪು ಬಿಡುವುದರಿಂದ ತೊಳೆಯುವ ಕೆಲಸ ತಪ್ಪಿದ್ದಲ್ಲ.

ಓದಿದ್ದನ್ನು ಕಣ್ಣಾರೆ ನೋಡುವ ಮನಸ್ಸಾಯಿತು. ಹೊಸ ಎಕ್ಸಾ ಬ್ಲೇಡೊಂದನ್ನು ನಾಲ್ಕು ತುಂಡು ಮಾಡಿ, ಬಣ್ಣ ಕೆರೆದು, ಕಬ್ಬಿಣ ಹೊಳೆಯುವಂತೆ ಉಜ್ಜಿಕೊಂಡೆ. ಕೋವಿಯ ಬಾಯಿಯಿಂದ ಕೆರೆದು ತೆಗೆದ ಕರಿಯನ್ನು ನಾಲ್ಕಕ್ಕೂ ಸಮನಾಗಿ ಹಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಮೊದಲನೆಯದನ್ನು ಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚಿದೆ. ಎರಡನೆಯದನ್ನು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಎಣ್ಣೆ ಹಚ್ಚಿದೆ. ಮೂರನೆಯದನ್ನು ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ನಮ್ಮ ಅಬ್ಬಿಯ ನೀರನ್ನು ಬಿಸಿ ಮಾಡಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದೆ. ನಾಲ್ಕನೆಯದಕ್ಕೆ ಬಳಸಿದ್ದು ಅಕ್ಕನ ಮನೆಯ ಬಾವಿಯ ನೀರು. ಆ ಮನೆ ಇರುವುದು ಕಾಳಿ ನದಿ ಸಮುದ್ರ ಸೇರುವ ಕಡೆ. ಭಾವ ಹೇಳಿದ ಮಾತು ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಹೊರಡುವಾಗಲೇ ಒಂದು ಬಾಟಲಿ ತುಂಬಿಕೊಂಡು ಬಂದಿದ್ದೆ. ನಾಲ್ಕನ್ನೂ ಬಚ್ಚಲಿನ ಕಿಟಕಿಗೆ ದಾರದಲ್ಲಿ ತೂಗುಹಾಕಿದೆ.

ನಾಲ್ಕನೆಯ ದಿನ ಮೊದಲನೆಯ ತುಂಡಿನ ಎಣ್ಣೆಯನ್ನು ಬೆರಳಿನಿಂದ ಸರಿಸಿದಾಗ ಅಡಿಯಲ್ಲಿ ಸಾಸಿವೆಯಷ್ಟು ದೊಡ್ಡ ಕೆಂಪು ಚುಕ್ಕೆಗಳು ಗುಂಪುಗುಂಪಾಗಿ ಎದ್ದಿದ್ದವು. ಸೀಮೆಎಣ್ಣೆಯಲ್ಲಿ ತೊಳೆದದ್ದು ಮೊದಲ ದಿನ ನಾಲ್ಕರಲ್ಲಿ ಅತ್ಯಂತ ಚೊಕ್ಕವಾಗಿ ಕಂಡಿತ್ತು, ಅದರಲ್ಲೂ ಅಂಚಿನುದ್ದಕ್ಕೆ ಅದೇ ಚುಕ್ಕೆ. ಮಸಿ ಹೋಗಿತ್ತು, ಉಪ್ಪು ಹೋಗಿರಲಿಲ್ಲ. ಉಪ್ಪು ಎಣ್ಣೆಯಲ್ಲಿ ಕರಗುವ ವಸ್ತುವಲ್ಲ ಎಂಬ ಶಾಲೆಯ ಪಾಠ ಇಲ್ಲಿ ಕಣ್ಣೆದುರಿಗಿತ್ತು. ಬಾವಿಯ ನೀರಿನ ತುಂಡಿನಲ್ಲಿ ಚುಕ್ಕೆ ಇರಲಿಲ್ಲವಾದರೂ ಉದ್ದಕ್ಕೂ ತೆಳುವಾದ ಕಂದು ಛಾಯೆ ಕೂತಿತ್ತು. ಅಬ್ಬಿಯ ನೀರಿನದು ಮಾತ್ರ ಹಾಗೆಯೇ ಹೊಳೆಯುತ್ತಿತ್ತು. ಕರಾವಳಿಯಲ್ಲಿ ಕೋವಿ ಇಟ್ಟುಕೊಂಡವರು ಈ ನಾಲ್ಕನೆಯ ತುಂಡನ್ನು ನೆನಪಿನಲ್ಲಿಡಬೇಕು. ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆ ಬಂದಂತೆ ಉಪ್ಪಿನಂಶ ಏರುತ್ತದೆ; ಆ ನೀರಿನಲ್ಲಿ ತೊಳೆದರೆ ಒಂದು ಉಪ್ಪು ತೆಗೆದು ಇನ್ನೊಂದನ್ನು ಹಚ್ಚಿದಂತಾಗುತ್ತದೆ. ಅಂಥಲ್ಲಿ ಹಿಡಿದಿಟ್ಟ ಮಳೆನೀರಾದರೂ ಬ್ಯಾಟರಿಗೆ ಹಾಕುವ ನೀರಾದರೂ ಆದೀತು, ಕೊನೆಯ ತೊಳೆತಕ್ಕಾದರೂ ಅದನ್ನೇ ಬಳಸಬೇಕು.

ಪ್ರಯೋಗ ನಡೆದ ಆ ನಾಲ್ಕು ದಿನ ಕೋವಿ ಕಾಯುತ್ತ ಕೂತಿರಲಿಲ್ಲ, ಅದನ್ನು ಮೊದಲ ದಿನವೇ ತೊಳೆದೆ. ಕೆಲಸಕ್ಕೆ ಮುಂಚೆ ಒಳಗೆ ಈಡು ಇಲ್ಲವೆಂದು ಖಚಿತ ಮಾಡಿಕೊಳ್ಳುವುದು ಯಾವ ಕಾರಣಕ್ಕೂ ಬಿಡಬಾರದ ಹೆಜ್ಜೆ. ನಿಪ್ಪಲಿನ, ಅಂದರೆ ಕೇಪು ಕೂರಿಸುವ ನಡುವೆ ತೂತಿರುವ ಸಣ್ಣ ತಿರುಪಿನ, ಮೇಲೆ ಕೇಪು ಇಲ್ಲವೆಂದು ನೋಡಿ, ಬಾಯಿಯನ್ನು ನನ್ನಿಂದಲೂ ಮನೆಯವರಿಂದಲೂ ಆಚೆಗೆ ತಿರುಗಿಸಿಟ್ಟುಕೊಂಡು, ಮದ್ದು ಜಡಿಯುವ ಸರಳಾದ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು, ಬಾಯಿಯ ಅಂಚಿಗೆ ಸರಿಯಾಗಿ ಗುರುತು ಮಾಡಿಕೊಂಡೆ. ಅದೇ ಗಜವನ್ನು ಹೊರಗಿನಿಂದ ನಳಿಗೆಗೆ ಹಿಡಿದು ನೋಡಿದಾಗ ತುದಿ ನಿಪ್ಪಲಿನ ಬುಡದವರೆಗೆ ಬಂತು. ಅದು ನಾಲ್ಕು ಬೆರಳು ಮೇಲೆಯೇ ನಿಂತಿದ್ದರೆ ಒಳಗೆ ಈಡು ಉಳಿದಿದೆ ಎಂದರ್ಥ, ಆಗ ತೊಳೆಯುವ ಮಾತೇ ಇಲ್ಲ. ಮದ್ದು ಮತ್ತು ಕೇಪಿನ ಡಬ್ಬಿಗಳನ್ನು ಬಚ್ಚಲಿನ ಒಲೆಯಿಂದ ದೂರ, ಬೇರೆ ಕೋಣೆಯಲ್ಲಿ ಇರಿಸಿದ್ದೆ.

ನಮ್ಮ ಕೋವಿಯ ನಳಿಗೆ ಎರಡು ಹಿತ್ತಾಳೆ ಪಟ್ಟಿಗಳಿಂದ ಮರಕ್ಕೆ ಬಿಗಿದಿದೆ. ಪಟ್ಟಿಗಳನ್ನು ಸರಿಸಿ, ಬುಡವನ್ನು ಮರಕ್ಕೆ ಹಿಡಿದಿರುವ ತಿರುಪನ್ನು ಬಿಚ್ಚಿದರೆ ನಳಿಗೆ ಬೇರೆಯಾಗಿ ಬರುತ್ತದೆ, ಮರಕ್ಕೆ ನೀರು ತಾಗುವುದಿಲ್ಲ. ನಳಿಗೆಯ ಹಿಂಬದಿಯನ್ನು ಮುಚ್ಚಿರುವ ದಪ್ಪ ತಿರುಪನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟಲೂಬಾರದು. ಈಡಿನ ಒತ್ತಡವನ್ನೆಲ್ಲ ತಡೆಯುವ ಜಾಗವದು. ಅಲ್ಲಿ ಕೈಯಿಡುವುದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸವೇ ಹೊರತು ಮನೆಯ ಕೆಲಸವಲ್ಲ.

ನಿಪ್ಪಲ್ ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಅಳತೆಗೆ ಸರಿಯಾದ ಪಾನ ಹಾಕಿದರೂ ಅದು ಅಲುಗಲಿಲ್ಲ. ಬಲವಂತ ಮಾಡಿದ್ದರೆ ಅದರ ಮಟ್ಟಸ ಮುಖಗಳು ಸವೆದು ಮುಂದೆ ಯಾವ ಪಾನಕ್ಕೂ ಸಿಗದಂತಾಗುತ್ತಿತ್ತು. ನಳಿಗೆಯ ಬುಡವನ್ನು ಬಿಸಿನೀರಿನಲ್ಲಿ ಮುಳುಗಿಸಿಟ್ಟು, ಅರ್ಧ ಗಂಟೆಯ ನಂತರ ತೆಗೆದು, ಸುತ್ತಿನ ಸಂದಿಗೆ ಎಣ್ಣೆ ಬಿಟ್ಟು, ಒಂದು ಕೂದಲಿನಷ್ಟು ಬಿಗಿದು ಆಮೇಲೆ ಸಡಿಲಿಸಿದಾಗ ಕಿರ್ರೆಂದು ತಿರುಗಿತು. ಹೊರಬಂದ ನಿಪ್ಪಲಿನ ಎಳೆಗಳ ನಡುವೆ ಕರಿಯೂ ತುಕ್ಕೂ ಸೇರಿ ಒದ್ದೆ ಕಾಫಿ ಚರಟದಂಥ ಕೆಸರು ತುಂಬಿತ್ತು. ಮೂರು ರಾತ್ರಿಯೂ ಕೇಪಿನ ಉಪ್ಪು ಮೊದಲು ಹೊಕ್ಕ ಜಾಗವೇ ಅದು, ಎಣ್ಣೆಯಾಗಲಿ ಬಟ್ಟೆಯಾಗಲಿ ತಲುಪದ ಜಾಗವೂ ಅದೇ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸಾಬೂನು ನೀರು ಹಿಡಿದು ಎಳೆಎಳೆಯಾಗಿ ಬಿಡಿಸಿ, ನಡುವಿನ ತೂತಿನೊಳಗೆ ತೆಳ್ಳನೆಯ ತಾಮ್ರದ ತಂತಿ ಆಡಿಸಿ, ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣುವವರೆಗೆ ತೊಳೆದೆ.

ನಳಿಗೆಗೆ ನೀರು ಬಂದದ್ದು ಬಚ್ಚಲ ಹಂಡೆಯಿಂದ. ಅಜ್ಜ ಈಡು ಹೊಡೆದು ಬಂದ ರಾತ್ರಿ ಎಷ್ಟೇ ಹೊತ್ತಾಗಿರಲಿ, ಕೋವಿ ಹಿಡಿದುಕೊಂಡೇ ಬಚ್ಚಲಿಗೆ ಹೋಗಿ, ಅಂಟುವಾಳದ ನೊರೆ ಹಾಕಿ ಹಂಡೆಯ ನೀರು ಹೊಯ್ಯುತ್ತಿದ್ದುದು ನನಗೆ ಚಿಕ್ಕಂದಿನಿಂದ ನೆನಪಿದೆ. ಹೊಗೆಯ ವಾಸನೆ ಹೋಗಲೆಂದು ಹಾಗೆ ಮಾಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ, ಕೇಳಿರಲಿಲ್ಲ. ಕೇಳಿದ್ದರೆ ಈ ತುಕ್ಕು ಆಗುತ್ತಿರಲಿಲ್ಲವೆಂಬ ವ್ಯಥೆ ಈಗ ನನಗಿದೆ.

ನಿಪ್ಪಲನ್ನು ಮತ್ತೆ ಕೈಬಿಗಿಯಷ್ಟೇ ಕೂರಿಸಿ, ನಳಿಗೆಯ ಬುಡವನ್ನು ಉಗುರುಬೆಚ್ಚಗಿನ ಸಾಬೂನು ನೀರಿನ ಬಕೇಟಿನಲ್ಲಿ ನಿಲ್ಲಿಸಿದೆ. ಹಿತ್ತಾಳೆ ಸರಳಿನ ತುದಿಗೆ ಹಳೆಯ ಪಾಣಿಪಂಚೆಯ ತುಂಡನ್ನು ಬಿಗಿಯಾಗಿ ಸುತ್ತಿ ಬಾಯಿಯಿಂದ ಇಳಿಸಿ ಮೇಲೆ ಕೆಳಗೆ ಆಡಿಸಿದರೆ, ನಿಪ್ಪಲಿನ ತೂತಿನ ಮೂಲಕ ನೀರು ಪಿಚಕಾರಿಯಲ್ಲಿ ಏರುವಂತೆ ನಳಿಗೆಯೊಳಗೆ ಏರಿ, ಒತ್ತಿದಾಗ ಅದೇ ದಾರಿಯಲ್ಲಿ ರಭಸದಿಂದ ಹೊರಬೀಳುತ್ತದೆ. ಬುಡದ ಮೂಲೆಗೆ, ತೂತಿನ ಒಳದಾರಿಗೆ ನೀರನ್ನು ತಲುಪಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಮೊದಲ ಎಳೆತಕ್ಕೇ ಬಕೇಟಿನ ನೀರು ಮಸಿಯ ಬಣ್ಣಕ್ಕೆ ತಿರುಗಿತು, ಕೊಳೆತ ಮೊಟ್ಟೆಯಂಥ ನಾತ ಬಚ್ಚಲು ತುಂಬಿತು. ಮದ್ದಿನಲ್ಲಿ ಉಳಿದ ಸಲ್ಫೈಡ್ ನೀರು ಸೇರಿದಾಗ ಬರುವ ವಾಸನೆ ಅದು. ಆ ವಾಸನೆ ಬರುತ್ತಿರುವಷ್ಟು ಹೊತ್ತೂ ಒಳಗೆ ಲವಣ ಇದೆ ಎಂದು ತಿಳಿಯಬಹುದು. ಮೂರು ಬಕೇಟು ಬದಲಿಸಿದ ಮೇಲೆ ವಾಸನೆ ನಿಂತಿತು. ಆಮೇಲೆ ನಿಪ್ಪಲ್ ತೆಗೆದು, ಲಾಳಿಕೆ ಇಟ್ಟು, ಸಾಬೂನಿಲ್ಲದ ಬರೀ ನೀರನ್ನು ಬಾಯಿಯಿಂದ ಹೊಯ್ದು ತೂತಿನಿಂದ ಹರಿಯಬಿಟ್ಟೆ. ಈ ನೀರಿನಲ್ಲಿ ಸೀಸದ ಅಂಶವೂ, ಹಳೆಯ ಕೇಪಾಗಿದ್ದರೆ ಪಾದರಸದ ಅಂಶವೂ ಇರಬಹುದಾದ್ದರಿಂದ ಕೈಗೆ ರಬ್ಬರ್ ಗವಸು ಹಾಕಿಕೊಂಡಿದ್ದೆ, ನೀರನ್ನು ಬಾವಿ, ತೋಟದ ಕಾಲುವೆಗಳಿಂದ ದೂರ ಗುಂಡಿ ತೋಡಿ ಹೊಯ್ದೆ, ಬಕೇಟನ್ನು ಇನ್ನು ಈ ಕೆಲಸಕ್ಕಷ್ಟೇ ಎಂದು ಗುರುತು ಹಾಕಿ ಬದಿಗಿಟ್ಟೆ.

ಕೊನೆಯ ನೀರು ಎಷ್ಟು ಬಿಸಿಯಿರಬೇಕು ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಕುದಿಯುವ ನೀರು ಹೊಯ್ದರೆ ನಳಿಗೆ ತಾನೇ ಕಾದು ಒಂದೆರಡು ನಿಮಿಷದಲ್ಲಿ ಒಣಗುತ್ತದೆ, ಅದು ಲಾಭ. ಆದರೆ ಎಣ್ಣೆಯ ಲವಲೇಶವೂ ಇಲ್ಲದ ಬಿಸಿ ಕಬ್ಬಿಣ ಗಾಳಿ ಕಂಡ ಕೂಡಲೇ ಅರಿಶಿನ ಸವರಿದಂತೆ ತೆಳು ತುಕ್ಕು ಬಿಟ್ಟುಕೊಳ್ಳುತ್ತದೆ. ನಾನು ತೊಳೆಯುವುದಕ್ಕೆಲ್ಲ ಬೆಚ್ಚಗಿನ ನೀರನ್ನೂ ಕಟ್ಟಕಡೆಯ ಒಂದು ಚೊಂಬಿಗೆ ಮಾತ್ರ ಸುಡುವ ನೀರನ್ನೂ ಬಳಸಿದೆ, ಒಣ ಬಟ್ಟೆಗಳನ್ನೂ ಎಣ್ಣೆ ಹಚ್ಚಿದ ಬಟ್ಟೆಯನ್ನೂ ಮೊದಲೇ ಕೈಗೆಟುಕುವಂತೆ ಸಾಲಾಗಿ ಇಟ್ಟುಕೊಂಡಿದ್ದೆ. ನಾಲ್ಕು ಒಣ ಬಟ್ಟೆ ಇಳಿಸಿ ತೆಗೆದ ಮೇಲೆ, ನಳಿಗೆ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆಯ ಬಟ್ಟೆ ಹೋಯಿತು. ಹಾಗಿದ್ದೂ ಅದು ತುಸು ಹಳದಿಯಾಗಿ ಬಂತು; ಇನ್ನೆರಡು ಬಟ್ಟೆಗೆ ಅದೂ ಹೋಯಿತು.

ಉಪ್ಪು ಹೋದರೂ ಆಗಲೇ ಹಿಡಿದಿದ್ದ ತುಕ್ಕು ನೀರಿಗೆ ಹೋಗುವುದಿಲ್ಲ. ಮೊಬೈಲಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾವನ್ನು ಗೆಳೆಯನ ಗ್ಯಾರೇಜಿನಿಂದ ತಂದು ಒಳಗೆ ಇಳಿಸಿದೆ. ಬಾಯಿಯಿಂದ ಮುಕ್ಕಾಲು ಭಾಗದವರೆಗೆ ಗೋಡೆ ನುಣುಪಾಗಿತ್ತು. ಬುಡದ ಕಡೆಯ ಒಂದು ಗೇಣಿನಲ್ಲಿ ಕಂದು ಕಲೆಗಳೂ, ನಿಪ್ಪಲಿನ ತೂತಿನ ಎದುರು ರಾಗಿಕಾಳಿನಂಥ ಐದಾರು ಗುಳಿಗಳೂ ಕಂಡವು. ಊರಿನಲ್ಲಿ ಕೆಲವರು ಇಂಥ ತುಕ್ಕಿಗೆ ಹುಣಸೆಹುಳಿ ಹಾಕುತ್ತಾರೆ, ಮುರುಗಲ ಸಿಪ್ಪೆಯ ನೀರು ಹಾಕುವವರೂ ಇದ್ದಾರೆ. ಹಿತ್ತಾಳೆ ಪಾತ್ರೆಗೆ ಅದು ಸರಿ. ನಳಿಗೆಯೊಳಗೆ ಹುಳಿ ತುಕ್ಕನ್ನಷ್ಟೇ ತಿಂದು ನಿಲ್ಲುವುದಿಲ್ಲ, ಗುಳಿಯ ತಳದಲ್ಲಿ ಕೂತು ಕಬ್ಬಿಣವನ್ನೂ ತಿನ್ನುತ್ತದೆ, ಆದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಮರಳು ಕಾಗದವೂ ಬೇಡ, ಅದು ಹೊಸ ಗೀರು ಹಾಕಿ ಮುಂದಿನ ಉಪ್ಪಿಗೆ ಜಾಗ ಮಾಡಿಕೊಡುತ್ತದೆ. ನಾನು ಬುಡವನ್ನು ಎರಡು ದಿನ ಎಣ್ಣೆಯಲ್ಲಿ ನೆನೆಯಲು ಬಿಟ್ಟು, ಹಿತ್ತಾಳೆ ಎಳೆಗಳ ಬ್ರಷ್ಷಿನಿಂದ ಉಜ್ಜಿ, ಸಡಿಲವಾಗಿ ಬಂದದ್ದನ್ನು ಬಟ್ಟೆಯಲ್ಲಿ ಎತ್ತಿ, ಮತ್ತೆ ಎಣ್ಣೆ ಹಾಕಿ ಮತ್ತೆ ಉಜ್ಜಿದೆ. ಐದನೆಯ ಸಲಕ್ಕೆ ಬಟ್ಟೆಯ ಬಣ್ಣ ತಿಳಿಯಾಯಿತು. ಗುಳಿಗಳು ಉಳಿದವು, ಅವು ಇನ್ನು ಹೋಗುವಂಥವಲ್ಲ. ಮದ್ದು ಉರಿಯುವ ಜಾಗದಲ್ಲೇ ಗುಳಿ ಬಿದ್ದಿದ್ದರಿಂದ ನಾನೇ ತೀರ್ಮಾನ ಮಾಡದೆ, ಕಾಗದಪತ್ರ ಸಮೇತ ಪರವಾನಗಿ ಇರುವ ರಿಪೇರಿಯವರಿಗೆ ತೋರಿಸಿದೆ. ಅವರು ಕಡ್ಡಿ ಇಳಿಸಿ ಆಳ ನೋಡಿ, ಮೇಲ್ಪದರಕ್ಕಷ್ಟೇ ತಾಗಿದೆ, ಕೋವಿ ಬಳಸಬಹುದು, ಆದರೆ ವರ್ಷಕ್ಕೊಮ್ಮೆ ತಂದು ತೋರಿಸಬೇಕು ಎಂದರು.

ಕುದುರೆಯ, ಅಂದರೆ ಕೇಪನ್ನು ಬಡಿಯುವ ಸುತ್ತಿಗೆಯ, ಮುಖವನ್ನೂ ಮರೆಯುವಂತಿಲ್ಲ. ಕೇಪಿನ ಮೇಲೆ ಬಡಿಯುವ ಆ ಬಟ್ಟಲಿನಂಥ ಗುಳಿಯೊಳಗೆ ಕೇಪಿನ ಉಪ್ಪು ನೇರವಾಗಿ ಸಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಮೂರು ಸಲ, ಒಣ ಬಟ್ಟೆಯಿಂದ ಒಂದು ಸಲ ಒರೆಸಿ, ಎಣ್ಣೆಯ ಒಂದು ಹನಿ ಸವರಿದೆ. ಮರಕ್ಕೆ ನೀರು ತೋರಿಸದೆ, ಹಿಂಡಿದ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದೆ.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ನಮ್ಮ ಕಡೆ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು ಕೆಲವು ತಿಂಗಳಲ್ಲಿ ಕಮಟು ಹಿಡಿದು ಹುಳಿಯಾಗುತ್ತದೆ, ಧನುರ್ಮಾಸದ ಚಳಿಗೆ ಹೆಪ್ಪುಗಟ್ಟಿ ಕುದುರೆಯನ್ನು ಬಿಗಿಯುತ್ತದೆ, ಆದ್ದರಿಂದ ದೀರ್ಘ ಕಾಲದ ಕಾವಲಿಗೆ ಖನಿಜ ಎಣ್ಣೆಯೇ ಸರಿ. ಆದರೆ ಖನಿಜ ಎಣ್ಣೆಯ ಮೇಲೆ ಕರಿಮದ್ದು ಉರಿದರೆ ಡಾಂಬರಿನಂತೆ ಗಟ್ಟಿ ಕರಿ ಹಿಡಿಯುತ್ತದೆ, ತೂತಿನಲ್ಲಿ ಎಣ್ಣೆ ನಿಂತಿದ್ದರೆ ಕೇಪು ಸಿಡಿದರೂ ಈಡು ಹತ್ತುವುದಿಲ್ಲ. ಹೀಗಾಗಿ ಮತ್ತೆ ಬಳಸುವ ಮೊದಲು ಅದನ್ನು ಪೂರ್ತಿ ಒರೆಸಿ ತೆಗೆಯಬೇಕು.

ಇಡುವ ಜಾಗವನ್ನೂ ಬದಲಿಸಿದೆ. ಮೊದಲು ರೆಗ್ಜಿನ್ ಚೀಲದಲ್ಲಿ ಹಾಕಿ ಇಡುತ್ತಿದ್ದೆ, ಆ ಚೀಲದ ಒಳಬಟ್ಟೆ ಮಳೆಗಾಲದ ತೇವವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿತ್ತು. ಈಗ ಚೀಲವಿಲ್ಲದೆ, ಎಣ್ಣೆ ಮರದ ಕಡೆ ಇಳಿಯದಂತೆ ಬಾಯಿ ಕೆಳಗಾಗಿ, ಬೀಗವಿರುವ ಕಪಾಟಿನಲ್ಲೇ ನಿಲ್ಲಿಸಿ, ತಳದಲ್ಲಿ ಒಂದು ಝೀರೋ ಬಲ್ಬು ಉರಿಸುತ್ತಿದ್ದೇನೆ. ಮದ್ದು ಮತ್ತು ಕೇಪಿನ ಡಬ್ಬಿಗಳು ಈ ಕಪಾಟಿನಲ್ಲಿಲ್ಲ. ಕೋಣೆಯ ತೇವಾಂಶ ಮಾಪಕ 88 ತೋರಿಸಿದ ದಿನ ಕಪಾಟಿನೊಳಗೆ 62 ಇತ್ತು. ಕೇಪಿನ ಕ್ಲೋರೈಡನ್ನು ಒಣಗಿಸಿಡಲು ಅಷ್ಟು ಸಾಕು, ಮದ್ದಿನ ಕಾರ್ಬೊನೇಟಿಗೆ ಸಾಲದು. ಬಲ್ಬು ಇದೆಯೆಂದು ತೊಳೆಯುವುದನ್ನು ನಾಳೆಗೆ ಹಾಕುವಂತಿಲ್ಲ.

ತೊಳೆದ ಮಾರನೆಯ ದಿನ, ಆಮೇಲೆ ನಾಲ್ಕನೆಯ ದಿನ, ಎಂಟನೆಯ ದಿನ ಬಿಳಿ ಬಟ್ಟೆ ಇಳಿಸಿ ನೋಡಿ, ಬಟ್ಟೆಯ ತುಂಡುಗಳನ್ನು ತಾರೀಕು ಬರೆದು ಒಂದು ನೋಟು ಪುಸ್ತಕಕ್ಕೆ ಅಂಟಿಸುತ್ತ ಬಂದೆ. ಮೊದಲನೆಯದು ತೆಳು ಕಂದು, ಎರಡನೆಯದರ ಅಂಚಿನಲ್ಲಿ ಒಂದು ಗೆರೆ, ಮೂರನೆಯದರಲ್ಲಿ ಎಣ್ಣೆಯ ಕಲೆ ಮಾತ್ರ. ನವೆಂಬರ್ ಮೊದಲ ವಾರ ಹಂದಿ ಮತ್ತೆ ಇಳಿದಾಗ ಒಂದು ಈಡು ಹೊಡೆಯಬೇಕಾಯಿತು. ಆಗ ರಾತ್ರಿ ಹನ್ನೊಂದೂವರೆ. ಗದ್ದೆಯಿಂದ ನೇರವಾಗಿ ಬಚ್ಚಲಿಗೆ ಬಂದು, ಒಲೆಗೆ ಎರಡು ಅಡಿಕೆ ಹಾಳೆ ತುರುಕಿ, ಹಂಡೆಯ ನೀರು ಬಿಸಿಯಾಗುವಷ್ಟರಲ್ಲಿ ನಳಿಗೆ ಬಿಚ್ಚಿಟ್ಟುಕೊಂಡೆ. ಎಣ್ಣೆ ಹಾಕಿದ್ದ ನಿಪ್ಪಲ್ ಈ ಸಲ ಪಾನದ ಮೊದಲ ತಿರುವಿಗೇ ಬಂತು.